ಎರೆ ಮಣ್ಣನ್ನು ಬೈದು ಫಲವಿಲ್ಲ

ಉತ್ತರ ಕರ್ನಾಟಕದ ಊರುಗಳಲ್ಲಿ ಮನೆ ಕಟ್ಟಿಸುವವರು ಎಲ್ಲಕ್ಕಿಂತ ಕೊನೆಗೆ ಕೈಹಾಕುವುದು ಅಂಗಳಕ್ಕೆ. ಗೋಡೆಗೆ ಬಣ್ಣ ಬಿದ್ದಿರುತ್ತದೆ, ಗೇಟು ಕೂತಿರುತ್ತದೆ, ವೈಶಾಖದ ಮುಹೂರ್ತಕ್ಕೆ ಕಾರ್ಡು ಹಂಚಿಯೂ ಆಗಿರುತ್ತದೆ. ಗೇಟಿನಿಂದ ಪೋರ್ಟಿಕೋವರೆಗೆ ಕಾರು ಓಡಾಡುವ ದಾರಿ ಮಾತ್ರ ಇನ್ನೂ ಬರೀ ಎರೆ ಮಣ್ಣು. ಆಗ ಪೇವರ್ ಗುತ್ತಿಗೆದಾರ ಬರುತ್ತಾನೆ. ಒಂದು ದಿನ ಮೇಲ್ಮಣ್ಣು ಕೆರೆಯುತ್ತಾರೆ, ಮರುದಿನ ಒಂದು ಟ್ರಾಲಿ ಕ್ರಷರ್ ಡಸ್ಟ್ ಸುರಿದು ಹರಡುತ್ತಾರೆ, ಅದರ ಮರುದಿನ ಕೆಂಪು, ಬೂದು, ಹಳದಿ ಕಲ್ಲುಗಳನ್ನು ಜೋಡಿಸಿ ಮುಗಿಸುತ್ತಾರೆ. ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಅಂಗಳವನ್ನು ಹೊಗಳಿಯೇ ಹೋಗುತ್ತಾರೆ.

ಆಷಾಢದ ಮಳೆ ಹಿಡಿದ ಮೇಲೆ ಕಥೆ ಬೇರೆ. ಕಾಂಪೌಂಡಿನ ಬದಿಯ ಕಲ್ಲುಗಳು ಮೇಲೆದ್ದು ಕೂರುತ್ತವೆ. ಕಾರಿನ ಗಾಲಿ ಹಾಯುವ ಎರಡು ಸಾಲು ತಗ್ಗಾಗಿ ನೀರು ನಿಲ್ಲುತ್ತದೆ. ಮುಂದಿನ ಬೇಸಿಗೆಯ ಹೊತ್ತಿಗೆ ಅಂಚಿನ ಕಲ್ಲು ಗೋಡೆಯಿಂದ ದೂರ ಸರಿದು, ನಡುವೆ ಬೆರಳು ಹೋಗುವಷ್ಟು ಸಂದಿ. ಮನೆಯವರು ಗೌಂಡಿಯನ್ನು ಕರೆದು ಕೇಳಿದರೆ ಸಿಗುವ ಉತ್ತರ ಹುಬ್ಬಳ್ಳಿಯಿಂದ ಕಲಬುರಗಿವರೆಗೆ ಒಂದೇ: ‘ಎರಿ ಭೂಮಿ ಐತ್ರೀ, ಹಂಗ ಆಗೂದ.’

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದರೆ, ಆ ಅಂಗಳಕ್ಕೆ ಹಾಕಿದ ದುಡ್ಡಿನಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಮೂರು ಇಂಚಿಗೆ ಹೋಗಿದೆ. ಕಾಣದ ಎರಡು ಅಡಿಗೆ ಏನೂ ಹೋಗಿಲ್ಲ. ಎರೆ ನೆಲದಲ್ಲಿ ಈ ಲೆಕ್ಕ ತಿರುಗಬೇಕು. ಕಲ್ಲಿನ ಬಣ್ಣ, ಆಕಾರ, ಹೊಳಪುಗಳಲ್ಲಿ ಉಳಿಸಿ ಅಗೆತ, ಗರಸು, ರೋಲರ್ ಮತ್ತು ನೀರಿನ ದಾರಿಗೆ ಸುರಿಯಬೇಕು. ಹಾಗೆ ಮಾಡದೆ ಮಣ್ಣಿನ ಮೇಲೆ ತಪ್ಪು ಹೊರಿಸುವುದು ಗುತ್ತಿಗೆದಾರನಿಗೂ ಮಾಲೀಕನಿಗೂ ಅನುಕೂಲವಾದ ನೆಪ.

ಮಣ್ಣಿನ ಗುಣವೇನೂ ಗುಟ್ಟಲ್ಲ. ದಖನ್ನಿನ ಕಪ್ಪು ಬಸಾಲ್ಟ್ ಶಿಲೆ ಸಾವಿರಾರು ವರ್ಷ ಸವೆದು ಆದ ಈ ಜಿಗುಟು ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳವಾಗಿದೆ. ಅದರ ಕಣ ತೆಳ್ಳಗಿನ ಪದರಗಳ ಕಟ್ಟು. ನೀರು ಪದರಗಳ ನಡುವೆ ನುಗ್ಗಿದಾಗ ಕಣ ಉಬ್ಬುತ್ತದೆ, ನೀರು ಹೊರಟುಹೋದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು ಇದೇ ಕಾರಣಕ್ಕೆ. ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಇದೇ ಗುಣದಿಂದ ಗದಗ, ವಿಜಯಪುರದ ರೈತರು ಮಳೆ ನಿಂತ ಮೇಲೆ ಬಿತ್ತಿ ಹಿಂಗಾರಿ ಜೋಳ ಬೆಳೆದುಕೊಳ್ಳುತ್ತಾರೆ. ಬೆಳೆಗೆ ವರವಾದ ಮಣ್ಣು ಅಂಗಳಕ್ಕೆ ಶಾಪವಾಗುವುದು ಅದರ ಮೇಲೆ ಅಲುಗಾಡಬಾರದ ವಸ್ತುವನ್ನು ಕೂರಿಸಿದಾಗ.

ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಅದರ ವಿವರವಿದೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಗಾಜಿನ ಅಳತೆ ಕೊಳವೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಇಡೀ ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಗಾತ್ರದ ವ್ಯತ್ಯಾಸ ಶೇ 50 ದಾಟಿದರೆ ರಸ್ತೆ ಕಟ್ಟುವವರು ಹುಷಾರಾಗುತ್ತಾರೆ. ಮಣ್ಣಿನ ಪ್ರಯೋಗಾಲಯವಿರುವ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಆಗುವ ಪರೀಕ್ಷೆ ಇದು. ಲಕ್ಷಗಟ್ಟಲೆ ಖರ್ಚು ಮಾಡಿ ಮನೆ ಕಟ್ಟಿಸುವವರು ಇದನ್ನು ಕೇಳುವುದೇ ಇಲ್ಲ. ವಾಸ್ತು ಮಾತ್ರ ಎರಡೆರಡು ಸಲ ನೋಡಿಸುತ್ತಾರೆ.

ಆಸ್ಟ್ರೇಲಿಯದಲ್ಲಿ ಹೀಗೆ ನಡೆಯುವುದಿಲ್ಲ. ಅಲ್ಲಿ ಮನೆ ಕಟ್ಟುವ ಮುನ್ನ ಎಎಸ್ 2870 ಎಂಬ ಮಾನಕದ ಪ್ರಕಾರ ನಿವೇಶನಕ್ಕೆ ಒಂದು ದರ್ಜೆ ಬರುತ್ತದೆ. ಋತು ಬದಲಾದಂತೆ ನೆಲದ ಮೇಲ್ಮೈ 20 ಮಿಲಿಮೀಟರ್‌ವರೆಗೆ ಏರಿಳಿಯುವ ಜಾಗ ‘ಎಸ್’, 40ರವರೆಗಿನದು ‘ಎಂ’, ಅದರಾಚೆ ‘ಎಚ್1’, ‘ಎಚ್2’. 75 ಮಿಲಿಮೀಟರ್ ದಾಟಿದರೆ ‘ಇ’. ಮೆಲ್ಬರ್ನ್‌ನ ಪಶ್ಚಿಮ ಹೊರವಲಯದ ಬಯಲಿನಲ್ಲೂ ಬಸಾಲ್ಟ್‌ನಿಂದಲೇ ಹುಟ್ಟಿದ ಉಬ್ಬುವ ಜೇಡಿ ಇದೆ. ಟಾರ್ನೀಟ್, ವೆರಿಬಿಯಂಥ ಬಡಾವಣೆಗಳಲ್ಲಿ ಭಾರತೀಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿವೆ, ಕನ್ನಡಿಗರೂ ಅವರಲ್ಲಿದ್ದಾರೆ. ಅಲ್ಲಿ ಮನೆ ಕೊಂಡವರ ಕೈಗೆ ನೆಲದ ದರ್ಜೆ ಬರೆದ ಕಾಗದ ಬರುತ್ತದೆ. ಅದೇ ತರಹದ ಮಣ್ಣಿರುವ ಹುಬ್ಬಳ್ಳಿಯ ಹೊಸ ಲೇಔಟಿನಲ್ಲಿ ಸೈಟು ಕೊಂಡವರ ಕೈಗೆ ಬರುವುದು ನಾಲ್ಕು ದಿಕ್ಕಿನ ಚಕ್ಕುಬಂದಿ ಮಾತ್ರ.

ಹಾಗೆಂದು ಇಲ್ಲಿ ಜ್ಞಾನಕ್ಕೆ ಬರವಿಲ್ಲ. ಎರೆ ನೆಲದ ಕಟ್ಟಡಗಳಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕೆಳತುದಿ ಉಬ್ಬಿದ ಅಂಡರ್-ರೀಮ್ಡ್ ಪೈಲ್ ಪದ್ಧತಿಯನ್ನು ದಶಕಗಳ ಹಿಂದೆಯೇ ಬೆಳೆಸಿತು. ಮುಂಬೈ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಎರೆ ಮಣ್ಣಿನ ಬೆನ್ನುಹತ್ತಿ, ಅದರ ಮೇಲೆ ಉಬ್ಬದ ಆದರೆ ತುಸು ಅಂಟುಗುಣವಿರುವ ಮಣ್ಣಿನ ದಪ್ಪ ಪದರ ಹಾಕಿದರೆ ಕೆಳಗಿನ ಉಬ್ಬು ಹತೋಟಿಗೆ ಬರುತ್ತದೆ ಎಂದು ತೋರಿಸಿದರು. ಕಾಲುವೆಗಳ ಲೈನಿಂಗ್‌ಗೆ ಈ ಪದರ ಹಾಕುವ ಕ್ರಮ ಭಾರತೀಯ ಮಾನಕ 9451ರಲ್ಲಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 37 ಕೂಡ ಎರೆಯ ಮೇಲೆ ರಸ್ತೆ ಹಾಕುವಾಗ ಉಬ್ಬದ ಮಣ್ಣಿನ 0.6ರಿಂದ 1 ಮೀಟರ್ ಪದರವನ್ನು ಸೂಚಿಸುತ್ತದೆ.

ಈ ‘ಉಬ್ಬದ, ಅಂಟುಗುಣದ ಮಣ್ಣು’ ಬೇರೆ ಲೋಕದ ಸರಕೇನಲ್ಲ. ಧಾರವಾಡ, ಗದಗ ಸೀಮೆಯವರು ಗರಸು ಎನ್ನುತ್ತಾರೆ, ಕಲಬುರಗಿ ಕಡೆ ಮುರುಮ್. ಹೊಲದ ದಾರಿ ಕೆಸರಾಗುತ್ತದೆ ಎಂದಾಗ ರೈತ ಹಾಕಿಸುವುದು ಅದನ್ನೇ. ಅಡಿಪಾಯ ತೋಡಿದ ಎರೆಯನ್ನು ಹೊರಗೆ ಸಾಗಿಸಿ ಮನೆಯೊಳಗೆ ಗರಸು ತುಂಬಿಸುವ ರೂಢಿಯೂ ಹಳೆಯದು. ಆ ಬುದ್ಧಿ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದೆ. ಒಳಗೆ ಮೂರು ಅಡಿ ಗರಸು ತುಂಬಿಸಿದವರೇ ಹೊರಗೆ ಬಂದು ಎರೆಯ ಮೇಲೆ ಎರಡು ಇಂಚು ಡಸ್ಟ್ ಹಾಕಿ ಕಲ್ಲು ಜೋಡಿಸುತ್ತಾರೆ.

ಗಟ್ಟಿ ಅಂಗಳಕ್ಕೆ ಬೇಕಾದ ಲೆಕ್ಕ ಸುಮಾರಾಗಿ ಹೀಗೆ. ಹತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ದಾರಿ ಎಂದರೆ 300 ಚದರ ಅಡಿ. ಮೇಲೆ 80 ಮಿಲಿಮೀಟರ್ ದಪ್ಪದ ಕಲ್ಲು, ಅದರಡಿ ಒಂದರಿಂದ ಒಂದೂವರೆ ಇಂಚು ಉಸುಕು, ಅದರಡಿ ಆರು ಇಂಚು ದಪ್ಪ-ಸಣ್ಣ ಬೆರೆತ ಖಡಿ, ಅದರಡಿ ಕನಿಷ್ಠ ಒಂದು ಅಡಿ ಗರಸು. ಎಲ್ಲ ಸೇರಿ ಎರಡು ಅಡಿಗೆ ಸ್ವಲ್ಪ ಕಡಿಮೆ. ಅಂದರೆ ಐದೂವರೆ ಬ್ರಾಸಿನಷ್ಟು (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಎರೆ ಹೊರಗೆ ಹೋಗಬೇಕು. ದಬ್ಬಿ ಕೂತ ಮೇಲೆ ಮೂರು ಬ್ರಾಸ್ ಆಗಬೇಕಾದ ಗರಸನ್ನು ಸಡಿಲವಾಗಿ ನಾಲ್ಕು ಬ್ರಾಸಿನಷ್ಟು ತರಿಸಬೇಕು. ರಸ್ತೆ ಕಾಂಗ್ರೆಸ್ ಹೇಳುವ ಒಂದು ಮೀಟರ್ ಪದರ ಒಂದು ಮನೆಯ ಅಂಗಳಕ್ಕೆ ಭಾರವೇ. ಒಂದು ಅಡಿಗೆ ಇಳಿದರೆ ಅಲ್ಪಸ್ವಲ್ಪ ಏರಿಳಿತ ಉಳಿಯುತ್ತದೆ, ಅದನ್ನು ಪೇವರ್ ತಾಳಿಕೊಳ್ಳುತ್ತದೆ. ಸೊನ್ನೆಗೆ ಇಳಿದರೆ ತಾಳಿಕೊಳ್ಳುವುದಿಲ್ಲ.

ಗರಸನ್ನು ಒಮ್ಮೆಲೇ ಸುರಿದು ಮೇಲೊಂದು ಸಲ ರೋಲರ್ ಓಡಿಸಿದರೆ ಮೇಲಿನ ನಾಲ್ಕು ಇಂಚು ಮಾತ್ರ ಗಟ್ಟಿಯಾಗುತ್ತದೆ. ನಾಲ್ಕರಿಂದ ಆರು ಇಂಚಿನ ಪದರ, ಹದವಾದ ತೇವ, ಪ್ರತಿ ಪದರಕ್ಕೂ ರೋಲರ್: ಇದರಲ್ಲಿ ಅಡ್ಡದಾರಿ ಇಲ್ಲ. ಎರೆಗೂ ಗರಸಿಗೂ ನಡುವೆ ನೇಯದ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸುವುದು ಈಗ ದುಬಾರಿಯ ಮಾತಲ್ಲ. ನೆನೆದ ಎರೆ ಮೇಲಕ್ಕೆ ಜಿನುಗಿ ಖಡಿಯ ಸಂದಿಗಳನ್ನು ತುಂಬದಂತೆ ಅದು ತಡೆಯುತ್ತದೆ. ಗರಸು ದೂರದಿಂದ ತರಬೇಕಾದ ಕಡೆ ಸುಣ್ಣದ ದಾರಿಯೂ ಇದೆ. ಎರೆಗೆ ತೂಕದಲ್ಲಿ ಶೇ 4–5ರಷ್ಟು ಸುಣ್ಣ ಬೆರೆಸಿ, ಒಂದೆರಡು ದಿನ ಹದಕ್ಕೆ ಬಿಟ್ಟು, ದಬ್ಬಿ ಕೂರಿಸಿದರೆ ಅದರ ಜಿಗುಟೂ ಉಬ್ಬೂ ತಗ್ಗುತ್ತವೆ. ಆದರೆ ಸುಣ್ಣ ಸಮನಾಗಿ ಬೆರೆಯಬೇಕು. ಸಲಿಕೆಯಲ್ಲಿ ಅಲ್ಲೊಂದು ಇಲ್ಲೊಂದು ಎರಚಿದರೆ ಪ್ರಯೋಜನವಿಲ್ಲ, ಮಣ್ಣಿನಲ್ಲಿ ಜಿಪ್ಸಮ್ ಇದ್ದರೆ ಉಲ್ಟಾ ಹೊಡೆಯುವುದೂ ಉಂಟು. ಪರೀಕ್ಷೆ ಮಾಡಿಸದೆ ಸುಣ್ಣದ ತಂಟೆಗೆ ಹೋಗದಿರುವುದು ಮೇಲು.

80 ಮಿಲಿಮೀಟರ್ ಯಾಕೆ, ಕಾರಿಗೆ 60 ಸಾಲದೇ ಎಂದು ಗುತ್ತಿಗೆದಾರರು ಕೇಳುತ್ತಾರೆ. ಬರೀ ಕಾರಿಗಾದರೆ ಸಾಕು. ಪೇವರ್‌ಗಳ ಮಾನಕವಾದ ಐಎಸ್ 15658 ಹಗುರ ಸಂಚಾರಕ್ಕೆ 60 ಮಿಲಿಮೀಟರ್‌ನ, ಮಧ್ಯಮ ಸಂಚಾರಕ್ಕೆ 80 ಮಿಲಿಮೀಟರ್‌ನ ಕಲ್ಲು ಸೂಚಿಸಿದೆ. ಆದರೆ ಈ ಸೀಮೆಯ ಅಂಗಳಕ್ಕೆ ಬರುವುದು ಕಾರು ಮಾತ್ರವೇ? ನಲ್ಲಿ ನೀರು ಐದಾರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಟ್ಯಾಂಕರ್ ಬರುತ್ತದೆ. 5,000 ಲೀಟರ್ ಎಂದರೆ ನೀರೇ ಐದು ಟನ್, ಗಾಡಿಯ ತೂಕ ಬೇರೆ. ಮೇಲೆ ಮಹಡಿ ಕಟ್ಟುವ ಆಸೆ ಇದ್ದರೆ ಇಟ್ಟಿಗೆ, ಉಸುಕಿನ ಟಿಪ್ಪರ್ ಬರುತ್ತದೆ. ಅಂಗಳವನ್ನು ಟ್ಯಾಂಕರ್‌ಗೆ ಅಳೆದು ಹಾಕಬೇಕು. ರಬ್ಬರ್ ಅಚ್ಚಿನಲ್ಲಿ ಎರೆದ ಹೊಳಪಿನ ಕಲ್ಲಿಗೆ ಮರುಳಾಗುವ ಬದಲು ಯಂತ್ರದಲ್ಲಿ ಒತ್ತಿದ ಒರಟು ಬೂದು ಕಲ್ಲು ಆರಿಸಿದರೆ ಮಳೆಯಲ್ಲಿ ಜಾರುವ ಭಯವೂ ಕಡಿಮೆ. ಉದ್ದುದ್ದ ಸಾಲಿನ ಜೋಡಣೆಗಿಂತ ಮೀನಿನ ಮುಳ್ಳಿನಂತೆ ಓರೆಯಾಗಿ ಕಚ್ಚಿಕೊಳ್ಳುವ ಜೋಡಣೆ ಗಾಲಿಯ ತಳ್ಳಾಟವನ್ನು ಚೆನ್ನಾಗಿ ತಡೆಯುತ್ತದೆ.

ಕಲ್ಲುಗಳ ಕೆಳಗಿನ ಉಸುಕಿನ ವಿಷಯದಲ್ಲಿ ಒಂದು ಕೆಟ್ಟ ಚಾಳಿ ಬೇರೂರಿದೆ. ಕ್ರಷರ್ ಡಸ್ಟ್‌ಗೆ ಒಂದಿಷ್ಟು ಸಿಮೆಂಟು ಬೆರೆಸಿ ಹರಡುವುದು, ಸಂದಿಗಳಿಗೂ ಅದನ್ನೇ ಗುಡಿಸಿ ನೀರು ಚಿಮುಕಿಸುವುದು. ‘ಗಟ್ಟಿ ಆಗ್ತದ’ ಎಂಬುದು ನಂಬಿಕೆ. ಆಗುವುದು ಹೀಗೆ: ನುಣ್ಣನೆ ಡಸ್ಟ್ ನೀರು ಹಿಡಿದು ರಾಡಿಯಾಗುತ್ತದೆ, ಸಿಮೆಂಟು ಕಚ್ಚಿದ ಕಡೆ ಕಲ್ಲುಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ, ಎರೆ ಉಬ್ಬಿದಾಗ ಆ ಹಲಗೆ ಬಿರಿಯುತ್ತದೆ. ಪೇವರ್‌ನ ಶಕ್ತಿಯೇ ಅದು ಬಿಡಿಬಿಡಿಯಾಗಿರುವುದರಲ್ಲಿದೆ. ಎರಡರಿಂದ ನಾಲ್ಕು ಮಿಲಿಮೀಟರ್ ಸಂದಿಯಲ್ಲಿ ಒಣ ಉಸುಕು ಬಿಗಿಯಾಗಿ ಕೂತು, ಒಂದು ಕಲ್ಲಿನ ಭಾರವನ್ನು ಪಕ್ಕದವಕ್ಕೆ ದಾಟಿಸುತ್ತದೆ. ಆ ಗುಣವನ್ನು ಸಿಮೆಂಟಿನಿಂದ ಕೊಲ್ಲುವುದಾದರೆ ಪೇವರ್‌ಗೆ ದುಡ್ಡು ಕೊಟ್ಟಿದ್ದೇಕೆ?

ಇದನ್ನು ಚೆನ್ನಾಗಿ ಬಲ್ಲವರು ಡಚ್ಚರು. ಎರಡನೇ ಮಹಾಯುದ್ಧದ ನಂತರ ಇಟ್ಟಿಗೆಯ ಅಭಾವವಾದಾಗ ಅವರು ಅದೇ ಅಳತೆಯ ಕಾಂಕ್ರೀಟ್ ಕಲ್ಲುಗಳನ್ನು ಬೀದಿಗೆ ಹಾಸಿದರು. ಇಂದಿನ ಪೇವರ್‌ನ ವಂಶಾವಳಿ ಅಲ್ಲಿಗೆ ಮುಟ್ಟುತ್ತದೆ. ಗೌಡಾದಂಥ ಊರುಗಳು ನಿಂತಿರುವುದು ಮೆತ್ತನೆಯ ಪೀಟ್ ನೆಲದ ಮೇಲೆ. ಬೀದಿ ಕುಸಿಯುತ್ತಲೇ ಇರುತ್ತದೆ. ಕೆಲ ವರ್ಷಕ್ಕೊಮ್ಮೆ ಕಲ್ಲು ಎತ್ತಿ, ಕೆಳಗೆ ಮರಳು ತುಂಬಿ, ಅವೇ ಕಲ್ಲು ಮತ್ತೆ ಕೂರಿಸುತ್ತಾರೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ 24x7 ನೀರಿನ ಯೋಜನೆಗೆ ಪೈಪು ಹಾಕಲು ಓಣಿಗಳನ್ನು ಅಗೆಯುವುದು ನೋಡಿದವರಿಗೆ ಎತ್ತಿ ಕೂರಿಸಬಹುದಾದ ಕಲ್ಲಿನ ಬೆಲೆ ತಿಳಿಯುತ್ತದೆ. ಸಿಸಿ ರಸ್ತೆಯನ್ನು ಒಡೆದ ಮೇಲೆ ಉಳಿಯುವುದು ತೇಪೆ. ಎರೆ ನೆಲಕ್ಕೆ ಕಾಂಕ್ರೀಟ್ ಹಲಗೆಗಿಂತ, ಶಹಾಬಾದಿ ಕಲ್ಲಿನ ದೊಡ್ಡ ಚಪ್ಪಡಿಗಿಂತ ಪೇವರ್ ಸರಿಯಾದ ಆಯ್ಕೆ ಎಂಬುದರಲ್ಲಿ ಅನುಮಾನ ಬೇಡ. ತಕರಾರು ಇರುವುದು ಅದನ್ನು ಹಾಕುವ ರೀತಿಯ ಬಗ್ಗೆ.

ನೀರಿನ ವಿಷಯಕ್ಕೆ ಬಂದರೆ, ಎರೆ ಒಣಗಿದ್ದರೂ ಗಟ್ಟಿ, ಒಂದೇ ಹದದಲ್ಲಿ ತೇವವಿದ್ದರೂ ಸುಮ್ಮನೆ ಬಿದ್ದಿರುತ್ತದೆ. ಕಾಟ ಕೊಡುವುದು ಬದಲಾವಣೆ. ಅಂಗಳದ ನಡುಭಾಗ ಕಲ್ಲಿನಡಿ ಮುಚ್ಚಿಕೊಂಡು ಹೆಚ್ಚುಕಡಿಮೆ ಒಂದೇ ತೇವದಲ್ಲಿ ಇರುತ್ತದೆ. ಅಂಚಿನಲ್ಲಿ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ಆದ್ದರಿಂದಲೇ ಮೊದಲು ಕೆಡುವುದು ಅಂಚು. ಅಲ್ಲಿಗೆ ಆಳವಾಗಿ ನೆಟ್ಟ ಕಾಂಕ್ರೀಟ್ ಕರ್ಬ್ ಬೇಕು, ಗರಸಿನ ಪದರ ಅದರಾಚೆಗೂ ಒಂದೆರಡು ಅಡಿ ಹೋಗಬೇಕು. ಅಂಗಳಕ್ಕೆ ನೂರಕ್ಕೆ ಎರಡರಷ್ಟಾದರೂ ಇಳಿಜಾರು ಇರಬೇಕು, ಮೂವತ್ತು ಅಡಿಗೆ ಏಳು ಇಂಚು. ಎರೆಯಲ್ಲಿ ಅಗೆದು ಖಡಿ ತುಂಬಿದ ಗುಂಡಿ ಬಾನಿಯ ಹಾಗೆ ನೀರು ಹಿಡಿದು ನಿಲ್ಲುತ್ತದೆ. ಹಾಗಾಗಿ ತಗ್ಗಿನ ಬದಿಯಲ್ಲಿ ತೂತು ಪೈಪು ಇಟ್ಟು ಗಟಾರಿಗೆ ಬಿಡಬೇಕು. ಆದರೆ ಗಟಾರು ಅಂಗಳಕ್ಕಿಂತ ಕೆಳಗಿದ್ದರೆ ತಾನೆ! ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯನ್ನು ಎತ್ತರಿಸುತ್ತಲೇ ಹೋಗುವ ನಗರಸಭೆಗಳು ಎಷ್ಟೋ ಮನೆಗಳ ಅಂಗಳವನ್ನು ಕೆರೆಯಾಗಿಸಿವೆ.

ಬೆಂಗಳೂರಿನ ಕಡೆಯಿಂದ ಬಂದ ಹೊಸ ಫ್ಯಾಷನ್ನಿನ ಬಗ್ಗೆಯೂ ಒಂದು ಮಾತು. ಸಂದಿಯಲ್ಲಿ ನೀರು ಇಂಗಿಸುವ ಪೇವರ್ ಹಾಕಿ ಅಂತರ್ಜಲ ಹೆಚ್ಚಿಸಬೇಕೆಂಬ ಸಲಹೆ ಕೆಂಪು ಮಣ್ಣಿನ ನೆಲಕ್ಕೆ ಒಳ್ಳೆಯದೇ. ನೆನೆದ ಎರೆ ನೀರನ್ನು ಕೆಳಗೆ ಬಿಡುವುದು ಅತಿ ನಿಧಾನ. ಅಲ್ಲಿ ಇಂಗಿಸಲು ಹೋದರೆ ನೀರು ಕಲ್ಲಿನಡಿಯೇ ನಿಂತು ಅಂಗಳವನ್ನೂ, ಪಕ್ಕದ ಕಾಂಪೌಂಡ್ ಗೋಡೆಯನ್ನೂ ಎತ್ತುತ್ತದೆ. ಎರೆ ಸೀಮೆಯಲ್ಲಿ ಮಳೆನೀರು ಹಿಡಿಯಬೇಕಾದದ್ದು ಮಾಳಿಗೆಯ ಮೇಲಿಂದ ಟಾಕಿಗೆ. ಗೋಡೆಗೆ ಆತು ನೆಟ್ಟ ಬೇವು, ಗುಲ್‌ಮೊಹರ್, ಅವಕ್ಕೆ ದಿನವೂ ಬಿಡುವ ಪೈಪಿನ ನೀರು ಕೂಡ ಎರೆಯ ತೇವವನ್ನು ಏರುಪೇರು ಮಾಡುತ್ತವೆ. ಮರ ಬೇಡವೆಂದಲ್ಲ, ಕಾರಿನ ದಾರಿಯಿಂದ ದೂರ ಇರಲಿ.

ಮುಹೂರ್ತದ ಗಡಿಬಿಡಿಗೆ ಇಲ್ಲಿ ದೊಡ್ಡ ಪಾಲಿದೆ. ಏಪ್ರಿಲ್-ಮೇ ಅಂದರೆ ಎರೆ ಅತ್ಯಂತ ಒಣಗಿ, ಅತ್ಯಂತ ಕುಗ್ಗಿ, ಬಿರುಕು ಬಿಟ್ಟಿರುವ ಕಾಲ. ಆ ಬಿರುಕುಗಳ ಮೇಲೆಯೇ ಕಲ್ಲು ಹಾಸಿ ಮುಚ್ಚಿದರೆ ಮಳೆಗಾಲದಲ್ಲಿ ಅದು ಉಬ್ಬಲೇಬೇಕು. ಆಗಸ್ಟಿನಲ್ಲಿ ಹಾಸಿದರೆ ಇದರ ತಿರುವುಮುರುವು: ಬೇಸಿಗೆಯಲ್ಲಿ ತಗ್ಗುತ್ತದೆ. ಮಳೆ ನಿಂತು ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟುವ, ಆದರೆ ಕೈಗೆ ಮೆತ್ತದ ನವೆಂಬರ್-ಡಿಸೆಂಬರ್ ತಿಂಗಳು ಈ ಕೆಲಸಕ್ಕೆ ಹದವಾದ ಕಾಲ. ಗೃಹಪ್ರವೇಶ ವೈಶಾಖದಲ್ಲೇ ಆಗಲಿ. ಅಂಗಳಕ್ಕೆ ಆಗ ಗರಸು ಹಾಕಿ ರೋಲರ್ ಹೊಡೆಸಿ ಬಿಟ್ಟರೆ ಒಂದು ಮಳೆಗಾಲ ಅದು ತಾನಾಗಿ ಕೂರುತ್ತದೆ. ಕಲ್ಲು ದೀಪಾವಳಿ ಕಳೆದ ಮೇಲೆ ಹಾಕಿಸಿದರೆ ನೆಂಟರು ಕೋಪಿಸಿಕೊಳ್ಳುವುದಿಲ್ಲ.

ಖಾಸಗಿ ಅಂಗಳದ ತಪ್ಪೇ ಸರ್ಕಾರಿ ಓಣಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಶಾಸಕರ ನಿಧಿಯೋ ಇನ್ನೊಂದೋ ಬಂದಾಗ ಊರೂರಿಗೆ ಪೇವರ್ ಹಾಸುತ್ತಾರೆ. ಉದ್ಘಾಟನೆಯ ದಿನ ಕಾಣುವುದು ಎಷ್ಟು ಉದ್ದ ಹಾಸಿದರು ಎಂಬುದು. ಕೆಳಗೆ ಎಷ್ಟು ದಪ್ಪ ಗರಸು ಬಿತ್ತು ಎಂದು ಕಲ್ಲು ಮುಚ್ಚಿದ ಮೇಲೆ ಯಾರೂ ಅಗೆದು ನೋಡುವುದಿಲ್ಲ. ಕಲ್ಲು ಜೋಡಿಸುವ ಮುನ್ನ ಪ್ರತಿ ಪದರದ ದಪ್ಪವನ್ನು ಅಳತೆ ಪುಸ್ತಕದಲ್ಲಿ ಬರೆದು, ಟೇಪು ಹಿಡಿದ ಫೋಟೊ ಸೇರಿಸಿ, ಊರವರಿಗೆ ನೋಡಲು ಸಿಗುವಂತೆ ಮಾಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಲೇಔಟಿಗೆ ಅನುಮತಿ ಕೊಡುವಾಗಲೇ ಆ ನೆಲದ ಉಬ್ಬುವಿಕೆಯ ಪರೀಕ್ಷಾ ವರದಿಯನ್ನು ನಗರಾಭಿವೃದ್ಧಿ ಪ್ರಾಧಿಕಾರಗಳು ಕೇಳಿ, ಸೈಟು ಕೊಳ್ಳುವವರಿಗೆ ಪ್ರತಿ ಕೊಡಿಸಬೇಕು.

ಮನೆ ಕಟ್ಟಿಸುವವರೂ ‘ಚದರ ಅಡಿಗೆ ಎಷ್ಟು’ ಎಂಬ ಒಂದೇ ಪ್ರಶ್ನೆ ಬಿಡಬೇಕು. ಆ ಪ್ರಶ್ನೆಗೆ ಬರುವ ಅಗ್ಗದ ಉತ್ತರದಲ್ಲಿ ಅಗೆತ ಇರುವುದಿಲ್ಲ, ಎರೆ ಸಾಗಿಸುವ ಟ್ರಾಕ್ಟರ್ ಬಾಡಿಗೆ ಇರುವುದಿಲ್ಲ, ರೋಲರ್ ಅಂತೂ ಇರುವುದೇ ಇಲ್ಲ. ಕೊಟೇಶನ್ನಿನಲ್ಲಿ ಅಗೆತದ ಆಳ, ಗರಸಿನ ದಪ್ಪ, ಖಡಿಯ ದಪ್ಪಗಳನ್ನು ಇಂಚಿನಲ್ಲಿ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡುವುದು ಸರಿ. ಹಾಗೆ ಬರೆದುಕೊಡಲು ಒಪ್ಪದ ಗುತ್ತಿಗೆದಾರ ತನ್ನ ಉತ್ತರ ಕೊಟ್ಟ ಹಾಗೆಯೇ.

ಈಗಾಗಲೇ ಹಾಸಿ ಕೆಟ್ಟುಹೋದ ಅಂಗಳಗಳ ಪಾಡೇನು? ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಎಳೆಯುವವರಿದ್ದಾರೆ, ಅದು ದುಡ್ಡು ದಂಡ. ಸಿಮೆಂಟು ಹಾಕಿ ಅಂಟಿಸಿರದಿದ್ದರೆ ಕಲ್ಲುಗಳನ್ನು ಎಬ್ಬಿಸಿ ಒಂದು ಬದಿಗೆ ಒಟ್ಟಬಹುದು, ಬಹುಪಾಲು ಮತ್ತೆ ಬಳಕೆಗೆ ಬರುತ್ತವೆ. ಡಿಸೆಂಬರಿನಲ್ಲಿ ಎಬ್ಬಿಸಿ, ಅಗೆದು, ಗರಸು ತುಂಬಿಸಿ, ಅವನ್ನೇ ಮತ್ತೆ ಕೂರಿಸುವ ಖರ್ಚಿನಲ್ಲಿ ಹೊಸ ಕಲ್ಲಿನ ಬೆಲೆ ಸೇರುವುದಿಲ್ಲ. ಒಡೆದವುಗಳ ಬದಲಿಗೆ ಅದೇ ಅಳತೆಯ ಕಲ್ಲು ಬೇಕಾಗುತ್ತದೆ. ಅಚ್ಚುಗಳು ಬೇಗ ಬದಲಾಗುವುದರಿಂದ ಹೊಸದಾಗಿ ಹಾಕಿಸುವವರು ನೂರಕ್ಕೆ ಐದರಷ್ಟು ಕಲ್ಲು ಹೆಚ್ಚಿಗೆ ತರಿಸಿ ಹಿತ್ತಿಲಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.